ಉದ್ದ ನಿಮ್ಮ ಅನುಭವಕ್ಕೆ ಬಿಟ್ಟದ್ದು

ಸಂಗಮನಾಥ ಇಪ್ಪತ್ತೆರಡು ವರ್ಷಗಳಿಂದ ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ಟುಗಳನ್ನು ತಿರಸ್ಕರಿಸುವ ಕೆಲಸ ಮಾಡುತ್ತಿದ್ದ. ಸ್ವೀಕರಿಸುವುದೂ ಅದೇ ಹುದ್ದೆಯಲ್ಲಿ ಸೇರಿತ್ತು, ಆದರೆ ಅದರಲ್ಲಿ ಅವನಿಗೆ ಅಷ್ಟು ಸುಖ ಸಿಗುತ್ತಿರಲಿಲ್ಲ. ಕೂದಲೆಳೆಯಷ್ಟು ಓರೆ ಇದ್ದರೂ ಕೆಂಪು ಸೀಲು ಬೀಳುತ್ತಿತ್ತು. ಒಮ್ಮೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೆಂಡತಿ ಲತಾಳಿಗೆ, "ಚಪಾತಿ ಒಂದು ಕಡಿ ದಪ್ಪ ಅದ" ಎಂದ. ಮುಂದಿನ ನಾಲ್ಕು ದಿನ ಎರಡೂ ಕಡೆ ಸಮವಾಗಿರುವ ಬ್ರೆಡ್ಡು ತಿಂದ.

ಇಂಥ ಮನುಷ್ಯನ ಬಾಯಿಂದ, ೨೦೧೧ರ ಸಂಕ್ರಾಂತಿ ಮುಗಿದ ಮೇಲಿನ ಒಂದು ಶುಕ್ರವಾರ, ತಪಾಸಣೆಯಾಗದ ಮಾತೊಂದು ಹೊರಬಿತ್ತು.

ಅದಕ್ಕೆ ಕಾರಣ ಅರವಿಂದ. ಧಾರವಾಡದವನು, ಸಂಗಮನಾಥನ ಪಕ್ಕದ ಟೇಬಲ್ಲಿನವನು. ತರಬೇತಿಗೆಂದು ಎಂಟು ತಿಂಗಳು ರಷ್ಯಾಕ್ಕೆ ಹೋಗಿ ಬಂದಿದ್ದ. ಬಂದ ದಿನದಿಂದ ಕ್ಯಾಂಟೀನಿನಲ್ಲಿ ಅವನ ಬಾಯಿಗೆ ಅನ್ನ ಹೋಗುವುದಕ್ಕಿಂತ ಹೆಚ್ಚು ರಷ್ಯಾ ಹೊರಗೆ ಬರುತ್ತಿತ್ತು.

"ಅಲ್ಲಿ ರವಿವಾರ ಬಂತಂದ್ರ ಯಾರೂ ಒಳಗ ಒಲಿ ಹಚ್ಚೂದಿಲ್ರಿ. ಹಿತ್ತಲಕ್ಕ ಗ್ರಿಲ್, ಕೆಳಗ ಕೆಂಡ, ಸುತ್ತಲೂ ಮಂದಿ. ಅದು ಅಡಗಿ! ನಮ್ಮದೇನ್ರಿ, ಕುಕ್ಕರು ಮೂರು ಸಲ ಕೂಗಿದ್ರ ಮುಗೀತು. ನಾಶಿಕನ್ಯಾಗ ಇದನ್ನ ಹೇಳಿದ್ರ ಯಾರಿಗೆ ತಿಳೀಬೇಕು?"

"ನಮ್ಮ ಮನ್ಯಾಗ ಅದರಿ, ಗ್ರಿಲ್," ಎಂದ ಸಂಗಮನಾಥ.

ಮೇಜಿನ ಎಲ್ಲ ತಲೆಗಳೂ ಅವನತ್ತ ತಿರುಗಿದವು. ಸಂಗಮನಾಥನಿಗೆ ಹಿತ್ತಲು ಇದ್ದದ್ದು ನಿಜ. ನಾಸಿಕ್ ಊರಿನದೇ ಔರಂಗಾಬಾದ್ ನಾಕಾದ ಹತ್ತಿರ ಹೊಸದಾಗಿ ರೋ ಹೌಸ್ ತೆಗೆದುಕೊಂಡಿದ್ದ. ಹಿಂದೆ ಹನ್ನೆರಡು ಅಡಿಗೆ ಹದಿನೈದು ಅಡಿಯ ಖಾಲಿ ಜಾಗ, ಒಂದು ಕರಿಬೇವಿನ ಗಿಡ. ಗ್ರಿಲ್ ಇರಲಿಲ್ಲ.

"ಹಂಗಿದ್ರ ಮುಂದಿನ ರವಿವಾರ ಅಲ್ಲ, ಅದರ ಮುಂದಿನ ರವಿವಾರ ಬರ್ತೀವಿ, ಹನ್ನೊಂದಕ್ಕ," ಎಂದ ಅರವಿಂದ. ಯಾರು ಯಾರು ಎಂದು ಕೇಳಿದ. ಹನ್ನೆರಡು ಕೈಗಳು ಎದ್ದವು. ಅದರಲ್ಲೊಂದು ಕೈ ಬಡಿಸುವವನದು.

ಮನೆಯಲ್ಲಿ ಲತಾ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಎಲ್ಲಿ ಅದರಿ ಗ್ರಿಲ್?"

"ತರೋದದ."

"ಅದ ಅಂದು ಬಂದು ಆಮ್ಯಾಲ ತರೋದು. ರಿವೆಟ್ಟಿಗಿ ಹಿಂಗ ಮಾಡ್ತೀರೇನು?"

ಸೋಮವಾರ ಅವನು ಪೇಟೆಯ ಅಂಗಡಿಯೊಂದಕ್ಕೆ ಫೋನು ಮಾಡಿ, ಮನೆಗೆ ಗ್ರಿಲ್ ಬೇಕು ಎಂದ. ಸಂಜೆ ಒಬ್ಬ ಬಂದು, ಮಾತಿಲ್ಲದೆ ಟೇಪು ತೆಗೆದು, ಅಡುಗೆಮನೆಯ ಕಿಟಕಿ ಅಳೆಯತೊಡಗಿದ. "ಇದಕ್ಕಲ್ಲ, ಹೊರಗೆ ಬೇಕು" ಎಂದರೆ ಹೊರಗೆ ಹೋಗಿ ಅದೇ ಕಿಟಕಿಯನ್ನು ಆ ಕಡೆಯಿಂದ ಅಳೆದ. ಮಂಗಳವಾರ ಮಾಲ್‌ಗೆ ಹೋದರೆ ಅಲ್ಲಿ ನಿಜವಾದ ಗ್ರಿಲ್ ಇತ್ತು: ಮೂರು ಕಾಲು, ದುಂಡು ಹೊಟ್ಟೆ, ಮೇಲೆ ಮುಚ್ಚಳ. ಸಂಗಮನಾಥ ಒಂದು ಕಾಲನ್ನು ಹಿಡಿದು ಅಲ್ಲಾಡಿಸಿದ. ಕಾಲು ಕೈಗೆ ಬಂತು. ಅದನ್ನು ಅಂಗಡಿಯ ಹುಡುಗಿಯ ಕೈಗಿಟ್ಟು, "ರಿಜೆಕ್ಟ್" ಎಂದು ಹೇಳಿ ಹೊರಟುಬಂದ. ಬಸ್ಸಿನಲ್ಲಿ ಎರಡು ತೀರ್ಮಾನ ಮಾಡಿದ. ಒಂದು, ತಾನೇ ನಕ್ಷೆ ಬರೆದು ಮಾಡಿಸುವುದು. ಎರಡು, ಆ ಗ್ರಿಲ್ ಎಂಬ ಶಬ್ದವನ್ನು ಇನ್ನು ಬಾಯಲ್ಲಿ ತರದಿರುವುದು.

ಎರಡನೆಯ ತೀರ್ಮಾನವೇ ಅವನನ್ನು ಕೆಡಿಸಿತು.

ಅಂಬಡದ ಕೈಗಾರಿಕಾ ವಸಾಹತಿನಲ್ಲಿ ಪ್ರಭಾಕರ ಭಾವೂ ಎಂಬವನ ಕಬ್ಬಿಣದ ಕೆಲಸದ ಶೆಡ್ಡು. ಗೇಟು, ಮೆಟ್ಟಿಲು, ನೀರಿನ ಟಾಕಿಯ ಸ್ಟ್ಯಾಂಡು ಎಲ್ಲ ಮಾಡುತ್ತಿದ್ದ. ಆದರೆ ಮೂರು ವರ್ಷಗಳಿಂದ ಅವನ ಹೆಸರು ನಡೆಯುತ್ತಿದ್ದದ್ದು ಬೇರೆ ಸರಕಿನಿಂದ. ಸುತ್ತಲಿನ ಹಳ್ಳಿಗಳ ಸ್ಮಶಾನಗಳಿಗೆ, ಕಟ್ಟಿಗೆ ಕೆಳಗೆ ಜಾರದಂತೆ ಚಿತೆಯನ್ನು ಹಿಡಿದು ನಿಲ್ಲುವ ಕಬ್ಬಿಣದ ಸರಳಿನ ಜಾಳಿಗಳನ್ನು ಅವನು ಮಾಡಿ ಕಳಿಸುತ್ತಿದ್ದ. ಆ ಕೆಲಸಕ್ಕೆ ಬರುವವರು ತಲೆ ತಗ್ಗಿಸಿಕೊಂಡು ಬರುತ್ತಾರೆ, ಅರ್ಧ ಮಾತಾಡುತ್ತಾರೆ. ಹೀಗಾಗಿ ಪ್ರಭಾಕರ ಯಾರನ್ನೂ ನೇರವಾಗಿ ಏನನ್ನೂ ಕೇಳದಿರುವುದನ್ನು ರೂಢಿಸಿಕೊಂಡಿದ್ದ. ಅದೇ ವಾರದ ಶುಕ್ರವಾರ ನಕ್ಷೆ ಹಿಡಿದು ಅಲ್ಲಿಗೆ ಹೋದ ಸಂಗಮನಾಥನಿಗೆ ಇದೊಂದೂ ಗೊತ್ತಿರಲಿಲ್ಲ.

ಇನ್ನು ಅವನ ಮರಾಠಿ. ಕಲಬುರ್ಗಿ ಕಡೆಯ ಚಿತ್ತಾಪುರದವನು. ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಕನ್ನಡದವರ ನಡುವೆ ಕಳೆದವನು. ಕನ್ನಡದಲ್ಲಿ ಯೋಚಿಸಿ, ಶಬ್ದಕ್ಕೆ ಶಬ್ದ ಇಟ್ಟು ಮರಾಠಿ ಕಟ್ಟುತ್ತಿದ್ದ. ನಮ್ಮ ಕನ್ನಡ ಉದಾರ ಭಾಷೆ. ನಾವು ಬದನೆಕಾಯಿಯನ್ನೂ ಸುಡುತ್ತೇವೆ, ಹಪ್ಪಳವನ್ನೂ ಸುಡುತ್ತೇವೆ, ಹೆಣವನ್ನೂ ಸುಡುತ್ತೇವೆ, ಎಲ್ಲಕ್ಕೂ ಒಂದೇ ಕ್ರಿಯಾಪದ ಸಾಕು. ಮರಾಠಿಯವರು ಇದರಲ್ಲಿ ಕಟ್ಟುನಿಟ್ಟು. ತಿನ್ನುವುದನ್ನು ಸುಟ್ಟರೆ 'ಭಾಜಣೆ'. ತಿನ್ನದೇ ಇರುವುದನ್ನು ಸುಟ್ಟರೆ 'ಜಾಳಣೆ'.

"ಜಾಳಾಯಚಂ ಆಹೆ," ಎಂದ ಸಂಗಮನಾಥ, ಸುಡುವುದಿದೆ ಎಂಬ ಅರ್ಥದಲ್ಲಿ. "ಅದಕ್ಕೊಂದು ಜಾಳಿ ಬೇಕು. ಮೇಲೆ ಇಡಬೇಕು, ಕೆಳಗೆ ಬೆಂಕಿ, ಬೂದಿ ಸಲೀಸಾಗಿ ಕೆಳಗೆ ಬೀಳಬೇಕು."

ಪ್ರಭಾಕರ ಎದ್ದು ಹೋಗಿ ರೇಡಿಯೋ ಬಂದ್ ಮಾಡಿ ಬಂದ.

"ಯಾವ ಊರಿಗೆ ಸಾಹೇಬ್?"

"ಊರಿಗಲ್ಲ. ನಮ್ಮ ಮನೆಗೇ. ಹಿತ್ತಲಲ್ಲಿ."

"ಹಿತ್ತಲಲ್ಲಿ," ಎಂದ ಪ್ರಭಾಕರ. "ನಿಮ್ಮಲ್ಲಿ ಆ ಪದ್ಧತಿ ಇದೆಯೇ?"

"ಇಲ್ಲ. ನಾವೇ ಮೊದಲು. ರಷ್ಯಾದಲ್ಲಿ ಎಲ್ಲರೂ ಹೀಗೇ ಮಾಡುತ್ತಾರಂತೆ."

ಪ್ರಭಾಕರ ತುಸು ಹೊತ್ತು ರಷ್ಯಾವನ್ನು ಮನಸ್ಸಿಗೆ ತಂದುಕೊಂಡ. "ಮನೆಯಲ್ಲಿ ಹಿರಿಯರು..."

"ಅಪ್ಪ ಇದ್ದಾರೆ. ಅವರಿಗಾಗಿಯೇ ಅನ್ನಿ. ಮೊದಲು ಅವರದ್ದು. ಆಮೇಲೆ ನಾವೂ ಒಬ್ಬೊಬ್ಬರಾಗಿ."

"ಬಾಬಾಗೆ, ನಿಮ್ಮ ತಂದೆಯವರಿಗೆ, ಗೊತ್ತೇ?"

"ಅವರೇ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ, ಇದು ನಾಲ್ಕು ಗೋಡೆಯ ಒಳಗೆ ಆಗುವುದಲ್ಲ, ಬಯಲಲ್ಲೇ ಆಗಬೇಕು ಅಂತ."

ಇದು ಅಕ್ಷರಶಃ ನಿಜ. ಸಂಗಮನಾಥನ ತಂದೆ ವಿಶ್ವನಾಥಪ್ಪ, ಚಿತ್ತಾಪುರದ ನಿವೃತ್ತ ಹೆಡ್‌ಮಾಸ್ತರರು, ಗ್ಯಾಸಿನ ಮೇಲೆ ಸುಟ್ಟ ಬದನೆಕಾಯಿಯನ್ನು ಬದನೆಕಾಯಿ ಎಂದು ಒಪ್ಪುತ್ತಿರಲಿಲ್ಲ. ಹೊಲದಲ್ಲಿ, ಕೆಂಡದ ಮೇಲೆ, ಗಾಳಿಯಲ್ಲಿ ಆಗಬೇಕು ಎನ್ನುತ್ತಿದ್ದರು.

"ವಯಸ್ಸು?"

"ಎಪ್ಪತ್ತೊಂಬತ್ತು."

"ಎತ್ತರ?"

ಸಂಗಮನಾಥನಿಗೆ ಆನಂದವಾಯಿತು. ಬಳಸುವವನ ಎತ್ತರ ಕೇಳಿ ಸಾಮಾನು ಮಾಡುವವನನ್ನು ಅವನು ಈ ದೇಶದಲ್ಲಿ ನೋಡಿರಲಿಲ್ಲ. "ಐದು ಅಡಿ ಎಂಟು ಇಂಚು. ಒಂದೇ ಮಾತು, ಅವರು ಬಗ್ಗುವಂತೆ ಆಗಬಾರದು."

"ಬಗ್ಗುವುದಿಲ್ಲ ಸಾಹೇಬ್. ಎತ್ತರಕ್ಕಿಂತ ನಾಲ್ಕು ಇಂಚು ಹೆಚ್ಚಿಗೆ ಸೈಲು ಬಿಡುತ್ತೇನೆ. ಯಾವಾಗ..."

"ಈ ರವಿವಾರ ಬಿಟ್ಟು ಮುಂದಿನ ರವಿವಾರ. ಹನ್ನೊಂದು ಗಂಟೆಗೆ. ಎಲ್ಲರಿಗೂ ಹೇಳಿಯಾಗಿದೆ."

ಪ್ರಭಾಕರನ ರೋಮ ನಿಮಿರಿತು. ದಕ್ಷಿಣದ ಕಡೆ ಕೆಲವು ದೊಡ್ಡವರಿಗೆ ತಮ್ಮ ದಿನ ಮೊದಲೇ ತಿಳಿದಿರುತ್ತದೆ, ಹೇಳಿ ಹೋಗುತ್ತಾರೆ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಗಂಟೆ ಕೂಡ ಹೇಳುತ್ತಾರೆಂದು ಅಜ್ಜಿಗೂ ತಿಳಿದಿರಲಿಲ್ಲ.

ಸಂಗಮನಾಥ ನಕ್ಷೆ ಬಿಚ್ಚಿದ. ಅಗಲ ಆರುನೂರು ಮಿಲಿಮೀಟರು, ಕಾಲಿನ ಎತ್ತರ, ಸರಳುಗಳ ನಡುವಿನ ಸಂದು, ಎಲ್ಲ ಇತ್ತು. "ಉದ್ದ ಮಾತ್ರ ಬರೆದಿಲ್ಲ. ಉದ್ದ ನಿಮ್ಮ ಅನುಭವಕ್ಕೆ ಬಿಟ್ಟಿದ್ದೇನೆ," ಎಂದ.

ಪ್ರಭಾಕರ ಎರಡೂ ಕೈ ಜೋಡಿಸಿದ.

ಮುಂದಿನ ಮಂಗಳವಾರ ಟೆಂಪೋ ಬಂತು. ನಾಲ್ಕು ಜನ ಹೊತ್ತು ತಂದು ಹಿತ್ತಲಲ್ಲಿ ಇಳಿಸಿದರು. ಕರಿಬೇವಿನ ಗಿಡ ಒಂದು ಕಡೆ ವಾಲಿತು. ಆರು ಅಡಿ ಉದ್ದ, ಎರಡು ಅಡಿ ಅಗಲ, ಬೆರಳು ದಪ್ಪದ ಸರಳುಗಳು, ಎರಡೂ ಪಕ್ಕಕ್ಕೆ ಕಟ್ಟಿಗೆ ಜಾರದಂತೆ ಆನಿಕೆಗಳು. ವಿಮಾನ ಇಳಿಸಿದರೂ ತಡೆಯುವಂತಿತ್ತು.

"ಇದೇನ್ರಿ ಇಷ್ಟ ಉದ್ದ?" ಎಂದಳು ಲತಾ.

ಸಂಗಮನಾಥ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದ. ಒಂದು ಮಿಲಿಮೀಟರು ಫರಕಿರಲಿಲ್ಲ. ಉದ್ದ ಅವನಿಗೂ ಕಂಡಿತ್ತು. ಆದರೆ ನಕ್ಷೆಯಲ್ಲಿ ಇಲ್ಲದ ಅಳತೆಯನ್ನು ತಿರಸ್ಕರಿಸಲು ನಿಯಮವಿಲ್ಲ. "ಹನ್ನೆರಡು ಮಂದಿಗಿ ಬೇಕಲ್ಲ," ಎಂದು ಹೇಳಿ, ಟೆಂಪೋದವನು ಕೊಟ್ಟ ಚಲನಿನ ಕೆಳಗೆ 'ತಪಾಸಣೆ ಮಾಡಿದೆ, ಸರಿ ಇದೆ' ಎಂದು ರುಜು ಹಾಕಿ, ಒಂದು ಪ್ರತಿಯನ್ನು ಮೊಳೆಗೆ ಸಿಕ್ಕಿಸಿದ. ಚಲನಿನಲ್ಲಿ ಮರಾಠಿಯಲ್ಲಿ ಬರೆದ ಸಾಲನ್ನು ಅವನು ಓದಲಿಲ್ಲ. ಅಂಕಿಗಳನ್ನಷ್ಟೇ ಓದುವುದು ಅವನ ಅಭ್ಯಾಸ.

ಪಕ್ಕದ ಮನೆಯ ಪ್ರೇಮಾಬಾಯಿ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಅವಳ ಭಾವ ತೀರಿಕೊಂಡಾಗ ನಿಫಾಡದ ಸ್ಮಶಾನದಲ್ಲಿ ಇಂಥದ್ದೊಂದನ್ನು ಕಂಡಿದ್ದಳು. ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡಳು.

"ಲತಾ, ಬಾಬಾ ಕಸೆ ಆಹೇತ?"

"ಛಲೋ ಇದ್ದಾರೆ. ಒಳಗೆ ಮಲಗಿದ್ದಾರೆ."

"ಹೊರಗೆ ತಯಾರಿ ಕಾಣಿಸಿತು..."

"ಹೌದು, ಬರುವ ರವಿವಾರ ಹನ್ನೊಂದಕ್ಕೆ. ನೀವೂ ಎಲ್ಲರೂ ಬರಬೇಕು," ಎಂದಳು ಲತಾ ಬಾಯಿತುಂಬ. "ಬರುವಾಗ ಏನೂ ತರಬೇಡಿ."

ಪ್ರೇಮಾಬಾಯಿ ಬಟ್ಟೆಯ ಹಗ್ಗವನ್ನು ಹಿಡಿದು ನಿಂತಳು. ಹಗ್ಗ ಅವಳನ್ನು ತಡೆಯಲಿಲ್ಲ.

ಅಂದು ಸಂಜೆಯಿಂದ ಓಣಿಯ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಸಂಕ್ರಾಂತಿ ಮುಗಿದಿದ್ದರೂ ಆ ಕಡೆ ರಥಸಪ್ತಮಿಯವರೆಗೆ ಎಳ್ಳುಂಡೆ ಕೊಟ್ಟು ಹಿರಿಯರಿಗೆ ನಮಸ್ಕರಿಸುವ ರೂಢಿ ಇದೆ. ವಿಶ್ವನಾಥಪ್ಪ ಇದನ್ನೂ ಹಾಗೇ ತಿಳಿದರು. ಕಾಲಿಗೆ ಬಿದ್ದವರ ತಲೆ ಮುಟ್ಟಿದರು. ಕೆಲವರು ಎರಡೆರಡು ಸಲ ಬಿದ್ದರು. ಕೊನೆಯ ಮನೆಯ ನಿವೃತ್ತ ಬ್ಯಾಂಕಿನವನು ಅವರ ಕೈ ಹಿಡಿದು, ಹೋದ ಗಣಪತಿ ಹಬ್ಬದಲ್ಲಿ ಮೈಕಿನ ವಿಷಯಕ್ಕೆ ತಾನು ಜೋರಾಗಿ ಮಾತಾಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ ಎಂದು ಮರಾಠಿಯಲ್ಲಿ ಬೇಡಿಕೊಂಡ. ವಿಶ್ವನಾಥಪ್ಪನವರಿಗೆ ತಿಳಿದದ್ದು 'ಹೋಗಬೇಡಿ' ಅಷ್ಟೇ.

"ಎಲ್ಲಿಗಿ ಹೋಗ್ಲಿ? ಇಲ್ಲೇ ಇರ್ತೀನಲ್ಲ," ಎಂದು ನಕ್ಕರು. ಬ್ಯಾಂಕಿನವನು ಕಣ್ಣೊರೆಸಿಕೊಂಡ.

"ಲತಾ, ಈ ಓಣ್ಯಾಗಿನ ಮಂದಿ ಭಾಳ ಸಂಸ್ಕಾರವಂತರು ನೋಡವ್ವಾ," ಎಂದರು ಆಮೇಲೆ ಹದಿನೇಳನೆಯ ಎಳ್ಳುಂಡೆಯನ್ನು ಡಬ್ಬಿಗೆ ಹಾಕುತ್ತ.

ಬುಧವಾರ ಸಂಜೆ ವಾರ್ಡಿನ ಸ್ಯಾನಿಟರಿ ಇನ್‌ಸ್ಪೆಕ್ಟರು ಬೈಕಿನಲ್ಲಿ ಬಂದ. ಕಂಕುಳಲ್ಲಿ ಫೈಲು, ಮುಖದಲ್ಲಿ ಮುಜುಗರ. ಹಿತ್ತಲಿಗೆ ಹೋಗಿ ನೋಡಿ ಬಂದು, "ಸಾಹೇಬ್, ದುಃಖದ ವಿಷಯ. ಆದರೆ ವಸತಿ ಜಾಗದಲ್ಲಿ ಇದಕ್ಕೆ ಪರವಾನಗಿ ಇಲ್ಲ," ಎಂದ.

ಯಾರೋ ಹೊಗೆಯ ಬಗ್ಗೆ ದೂರು ಕೊಟ್ಟಿದ್ದಾರೆಂದು ಸಂಗಮನಾಥನಿಗೆ ಪಿತ್ತ ನೆತ್ತಿಗೇರಿತು. "ಹೊಗೆ ಬರುವುದಿಲ್ಲ. ಬರೀ ಇದ್ದಿಲು."

"ನದಿಯ ಹತ್ತಿರ ಜಾಗ ಇದೆಯಲ್ಲ, ಸರಕಾರದ್ದೇ."

"ನದಿಯ ಹತ್ತಿರ ಸೊಳ್ಳೆ. ಹನ್ನೆರಡು ಜನರನ್ನು ಅಲ್ಲಿಗೆ ಹೇಗೆ ಒಯ್ಯಲಿ?"

ಇನ್‌ಸ್ಪೆಕ್ಟರು ಪೆನ್ನು ತೆರೆದ. "ಹನ್ನೆರಡು?"

"ಹೆಂಗಸರು ಬಂದರೆ ಹೆಚ್ಚೂ ಆದೀತು."

"ಒಂದೇ ದಿನ?"

"ಒಂದೇ ದಿನ. ಜಾಳಿ ನೋಡಿದಿರಲ್ಲ? ಆರು ಆರು ಹಾಕಿದರೆ ಎರಡು ಸಲಕ್ಕೆ ಮುಗಿಯಿತು. ಆಗಾಗ ತಿರುವಿ ಹಾಕಬೇಕು, ಅಷ್ಟೇ."

ಇನ್‌ಸ್ಪೆಕ್ಟರು ಹನ್ನೆರಡು ಎಂದು ಅಂಕಿಯಲ್ಲಿ ಬರೆದ, ಅದನ್ನು ಹೊಡೆದು ಅಕ್ಷರದಲ್ಲಿ ಬರೆದ, ಅದನ್ನೂ ಹೊಡೆದ. "ಇದು ನನ್ನ ಮಟ್ಟದ ವಿಷಯವಲ್ಲ," ಎಂದು ಎದ್ದು ಹೋದ. ಬೈಕನ್ನು ಚಾಲೂ ಮಾಡದೆ ಓಣಿಯ ತುದಿಯವರೆಗೆ ತಳ್ಳಿಕೊಂಡೇ ಹೋದ.

ಇಷ್ಟರವರೆಗೆ ಬಂದವರೆಲ್ಲ ಮರಾಠಿಯಲ್ಲಿ, ಅದೂ ಸುತ್ತುಬಳಸಿ ಮಾತಾಡಿದ್ದರು. ವಿಷಯವನ್ನು ಬಿಚ್ಚಿ, ಕನ್ನಡದಲ್ಲಿ, ಗಂಟಲು ತೆರೆದು ಹೇಳಿದ ಮೊದಲ ಮನುಷ್ಯ ಶಿವರಾಯ. ನಾಸಿಕ್ ರೋಡಿನಲ್ಲಿ ಬಟ್ಟೆಯಂಗಡಿ ಇಟ್ಟವನು, ಊರಿನ ಲಿಂಗಾಯತ ಸಮಾಜದ ಅಧ್ಯಕ್ಷ. ಗುರುವಾರ ಬೆಳಗ್ಗೆ ಚಪ್ಪಲಿ ಬಿಡದೆ ಒಳಗೆ ಬಂದ.

"ವಿಶ್ವನಾಥಪ್ಪೋರು ಅದಾರೋ ಇಲ್ಲೋ?"

"ಅದಾರ್ರಿ. ಇಲ್ಲೇ ಚಾ ಕುಡೀಲತ್ತಾರ. ಕೂಡ್ರಿ," ಎಂದ ಸಂಗಮನಾಥ.

"ಏನ್ ಕೂಡೋದೋ! ನಮ್ಮೊಳಗ ಮಣ್ಣು ಕೊಡ್ತೀವಿ. ಪದ್ಮಾಸನ ಹಾಕಿಸಿ, ಕುಂದರಿಸಿ, ಮರ್ಯಾದಿಲೆ ಕೊಡ್ತೀವಿ. ನಿಮ್ಮಜ್ಜಗ ಹಂಗ ಕೊಟ್ಟಾರ, ನಮ್ಮಜ್ಜಗ ಹಂಗ ಕೊಟ್ಟಾರ. ನೀ ಹೆತ್ತ ಅಪ್ಪಗ ಸುಡ್ಲಾಕ ಕಬ್ಬಿಣದ ಮಂಚ ಮಾಡ್ಸಿಯಂತ! ಅದೂ ಅವರು ಜೀವಂತ ಇರೂವಾಗ! ತಾರೀಖು ಬ್ಯಾರೆ ಇಟ್ಟಿಯಂತ!"

ವಿಶ್ವನಾಥಪ್ಪ ಬಸಿಯನ್ನು ಕೆಳಗಿಟ್ಟರು.

"ಅಪ್ಪಗಲ್ರಿ! ಬದನಿಕಾಯಿ! ಸುಡೋದು ಬದನಿಕಾಯಿ!" ಎಂದು ಕೂಗಿದ ಸಂಗಮನಾಥ.

ಶಿವರಾಯ ಅಡುಗೆಮನೆ ದಾಟಿ ಹಿತ್ತಲಿಗೆ ಹೋದ. ಮರಳಿ ಬಂದ. "ಬದನಿಕಾಯಿಗಿ ಆರು ಫೂಟ?" ಎಂದ.

ವಿಶ್ವನಾಥಪ್ಪ ಎದ್ದು ಹೋಗಿ ಜಾಳಿಯ ಪಕ್ಕ ನಿಂತರು. ಅದರ ಒಂದು ತುದಿ ನೋಡಿದರು, ಇನ್ನೊಂದು ತುದಿ ನೋಡಿದರು. ಕೊಡೆಯನ್ನು ತಂದು ಅದರಿಂದ ಅಳೆದರು. ಬಂದು ಮೊಳೆಯಿಂದ ಚಲನನ್ನು ತೆಗೆದು ಕನ್ನಡಕ ಹಾಕಿಕೊಂಡು ಓದಿದರು. ಮರಾಠಿ ಮಾತಾಡಲು ಬರದಿದ್ದರೂ ನಾಗರಿ ಲಿಪಿ ಅವರಿಗೆ ಬರುತ್ತಿತ್ತು. 'ಬಾಬಾರಿಗಾಗಿ ಜಾಳಿ, ಒಂದು ನಗ. ಬಾಬಾ ೫ ಅಡಿ ೮ ಇಂಚು, ಸೈಲು ೪ ಇಂಚು, ಒಟ್ಟು ೬ ಅಡಿ.' ಕೆಳಗೆ ಮಗನ ಕೈಬರಹ: ತಪಾಸಣೆ ಮಾಡಿದೆ, ಸರಿ ಇದೆ.

ಚಲನನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಶುಕ್ರವಾರ ಸಂಗಮನಾಥ ಡ್ಯೂಟಿಯಿಂದ ಬರುವಷ್ಟರಲ್ಲಿ ಅವರು ಇರಲಿಲ್ಲ. ಕೈಚೀಲ ಇರಲಿಲ್ಲ, ಕೊಡೆ ಇರಲಿಲ್ಲ. ಹಾಸಿಗೆಯ ಮೇಲೆ ಒಂದು ಚೀಟಿ, ಕಾಪಿ ಬರೆಸುವಂಥ ದುಂಡನೆಯ ಅಕ್ಷರದಲ್ಲಿ: 'ಮಲ್ಲಮ್ಮನ ಊರಿಗೆ ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಕುಳಿತು ಹೋಗುತ್ತೇನೆ. ಮಲಗಿ ಹೋಗುವ ಇಚ್ಛೆ ಇಲ್ಲ. ಇತಿ, ವಿಶ್ವನಾಥಪ್ಪ.'

ಮಲ್ಲಮ್ಮ ಸಂಗಮನಾಥನ ಅಕ್ಕ, ಔರಂಗಾಬಾದಿನಲ್ಲಿದ್ದವಳು. ರಾತ್ರಿಯೊಳಗೆ ಅವಳ ಫೋನು ಬಂತು. ಅವಳು ಹಲೋ ಎನ್ನಲಿಲ್ಲ. "ನಾಳಿ ಬಾ," ಎಂದು ಇಟ್ಟುಬಿಟ್ಟಳು.

ಪ್ರಭಾಕರನಿಗೆ ಫೋನು ಹಚ್ಚಿದರೆ ಅದು ಬಂದ್ ಇತ್ತು. ಓಣಿಯವರಿಗಾದರೂ ತಿಳಿಹೇಳೋಣವೆಂದು ಶನಿವಾರ ಬೆಳಗ್ಗೆ ಹೊರಡುವ ಮುಂಚೆ ಸಂಗಮನಾಥ ಗೇಟಿನಲ್ಲಿ ನಿಂತು, ತನ್ನಲ್ಲಿದ್ದ ಎಲ್ಲ ಮರಾಠಿಯನ್ನೂ ಒಟ್ಟುಗೂಡಿಸಿ, "ಬಾಬಾಂನಾ ನಾಹಿ! ವಾಂಗಿ ಜಾಳಾಯಚೀ ಆಹೇತ!" ಎಂದ. ಬಾಬಾರನ್ನಲ್ಲ, ಬದನೆಕಾಯಿಗಳ ದಹನ ಮಾಡುವುದಿದೆ. ಪ್ರೇಮಾಬಾಯಿ ಬ್ಯಾಂಕಿನವನನ್ನು ನೋಡಿದಳು. ಬ್ಯಾಂಕಿನವನು ಮೆಲ್ಲಗೆ ಲತಾಳಿಗೆ, "ಇವರನ್ನು ಒಂಟಿಯಾಗಿ ಬಿಡಬೇಡಿ," ಎಂದ.

ಔರಂಗಾಬಾದಿನ ಬಸ್ಸಿನಲ್ಲಿ ಯೇವಲಾ ಬರುವವರೆಗೆ ಅವನಿಗೆ ಸೀಟು ಸಿಗಲಿಲ್ಲ. ಅಲ್ಲಿಯ ಹೆಸರಾಂತ ಸೀರೆ ಕೊಳ್ಳಲು ಹೊರಟವರು ಇಳಿದ ಮೇಲೆ ಕುಳಿತ. ವೈಜಾಪುರದಲ್ಲಿ ಚಹಾ ಕುಡಿದ, ಅದು ಅಂಗಿಯ ಮೇಲೆ ಚೆಲ್ಲಿತು. ಮಧ್ಯಾಹ್ನ ಎರಡಕ್ಕೆ ಅಕ್ಕನ ಮನೆಯ ಬಾಗಿಲು ತಟ್ಟಿದ.

ಮಲ್ಲಮ್ಮ ಬಾಗಿಲನ್ನು ಅರ್ಧ ತೆರೆದು, ಉಳಿದರ್ಧವನ್ನು ತಾನೇ ತುಂಬಿ ನಿಂತಳು. ಕೈಯಲ್ಲಿ ಚಲನು.

"ಅಳತಿ ಕೊಟ್ಟು ಬಂದಿಯಲ್ಲೋ! ಅಂಗಿಗಿ ಅಳತಿ ಕೊಡು ಅಂದ್ರ ಮೂರು ದೀಪಾವಳಿ ತಡ ಮಾಡ್ತಿದ್ದಿ. ಇದಕ್ಕ ಇಂಚಿನ ಸಮೇತ ಕೊಟ್ಟೀದಿ! ಮ್ಯಾಲ ನಾಕು ಇಂಚು ಸೈಲು! ಎದಕ್ಕೋ ಸೈಲು? ಅಪ್ಪ ಇನ್ನ ಬೆಳೀತಾರೇನು?"

"ಯಕ್ಕಾ, ಒಳಗ ಬಿಡು ಮೊದಲ."

"ಅಲ್ಲಿಂದ ಹೇಳು. ಆ ಮನಷ್ಯಾಗ ಏನಂದಿ? ಅಂದದ್ದು ಅಂದಂಗ ಹೇಳು."

"ಬದನ್ಕಾಯಿ ಸುಡೋದದ ಅಂದೆ."

"ಬದನ್ಕಾಯಿ ಅಂದಿ?"

ಸಂಗಮನಾಥ ನೆನಪಿಸಿಕೊಂಡ. ಎಂಟು ದಿನಗಳಲ್ಲಿ ಮೊದಲ ಸಲ ತನ್ನದೇ ಮಾತನ್ನು ತಪಾಸಣೆಗೆ ಹಚ್ಚಿದ. "ಬದನ್ಕಾಯಿ ಅನ್ಲಿಲ್ಲ ಕಾಣ್ತದ. ಬರೇ, ಜಾಳಾಯಚಂ ಆಹೆ ಅಂದೆ."

"ಜಾಳಾಯಚಂ?" ಮಲ್ಲಮ್ಮ ಹಣೆಗೆ ಕೈ ಹೊಡೆದುಕೊಂಡಳು. ಮೂವತ್ತು ವರ್ಷ ಮರಾಠಿಯವರ ನಡುವೆ ಸಂಸಾರ ಮಾಡಿದವಳು. "ಭಾಜಾಯಚಂ ಅನ್ಬೇಕೋ! ಭಾಜಾಯಚಂ! ಜಾಳಾಯಚಂ ಅಂದ್ರ ಹೆಣಕ್ಕ ಅಂತಾರ, ಕಸಕ್ಕ ಅಂತಾರ! ಇಪ್ಪತ್ತೆರಡು ವರ್ಷ ನಾಶಿಕನ್ಯಾಗ ಏನ್ ಕಡದಿ?"

ಒಳಗಿನ ಕುರ್ಚಿಯಲ್ಲಿ ವಿಶ್ವನಾಥಪ್ಪ ಕುಳಿತಿದ್ದರು, ನೆಟ್ಟಗೆ. ಬಂದಾಗಿನಿಂದ ಮಲಗಿಯೇ ಇಲ್ಲ ಎಂದು ಮಲ್ಲಮ್ಮ ಆಮೇಲೆ ಹೇಳಿದಳು. ರಾತ್ರಿಯೂ ಒರಗಿಕೊಂಡೇ ನಿದ್ದೆ ಮಾಡಿದ್ದರು. ಅವರು ಅಲ್ಲಿಂದಲೇ ಕೇಳಿದರು.

"ನನ್ನ ಎತ್ತರ ಯಾಕ ಹೇಳ್ದಿ?"

"ನೀವು ಬಗ್ಗಬಾರದಂತರಿ ಅಪ್ಪಾ," ಎಂದ ಸಂಗಮನಾಥ ಹೊಸ್ತಿಲಾಚೆಯಿಂದಲೇ. "ಮೊದಲ ಬದನಿಕಾಯಿ ನೀವೇ ಸುಡಬೇಕಂತ ಇತ್ತು. ನಿಂತು ಸುಡ್ತೀರಿ, ನಡ ನೋಯಬಾರದಂತ."

ಮಲ್ಲಮ್ಮ ಅಪ್ಪನ ಮುಖ ನೋಡಿದಳು. ಬೀದಿಯಲ್ಲಿ ಗುಜರಿಯವನೊಬ್ಬ ಹಳೆಯ ಕಬ್ಬಿಣ ಹಾಕುತ್ತೀರಾ ಎಂದು ಕೂಗುತ್ತ ಹೋದ. ಸಂಗಮನಾಥ ಅವನನ್ನು ಆಸೆಯಿಂದ ನೋಡಿದ.

"ಕ್ರಿಯಾಪದ ತಪ್ಪು," ಎಂದರು ವಿಶ್ವನಾಥಪ್ಪ ಕೊನೆಗೆ. "ಐದನೇ ಇಯತ್ತೆದಾಗೂ ಹಂಗೇ ಇತ್ತು ಇಂವಂದು. ಅರ್ಧ ಮಾರ್ಕು ಕಡಿತಿದ್ದೆ. ಕಡದ್ರೂ ಸುಧಾರ್ಸಲಿಲ್ಲ." ಕೊಡೆಗಾಗಿ ಕೈ ಚಾಚಿದರು. "ಬರ್ತೀನಿ. ಆದ್ರ ನಾ ಇರೂತನಕ ಅದರ ಕೆಳಗ ಬೆಂಕಿ ಹಾಕಬಾರದು."

"ಆಮ್ಯಾಲ?" ಎಂಬುದು ಸಂಗಮನಾಥನ ಬಾಯಿಯವರೆಗೆ ಬಂದಿತ್ತು. ಮಲ್ಲಮ್ಮ ನೋಡಿದ ರೀತಿಗೆ ಅದು ಹಿಂದಕ್ಕೆ ಹೋಯಿತು.

ರವಿವಾರ ಬೆಳಗ್ಗೆ ವಿಶ್ವನಾಥಪ್ಪ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ನಾಲ್ಕು ಮಡಿಕೆ ಮಾಡಿದ ಕಂಬಳಿಯನ್ನು ಜಾಳಿಯ ಮೇಲೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಮಗನ ಮಾತಿನ ಮೇಲೆ ಭರವಸೆ ಇಡುವುದಕ್ಕಿಂತ ತಾವೇ ಅದರ ಮೇಲೆ ಕೂಡುವುದು ವಾಸಿ ಎಂದು ಅವರಿಗೆ ಅನ್ನಿಸಿರಬೇಕು.

ಹನ್ನೊಂದಕ್ಕೆ ಹನ್ನೆರಡು ಜನ ಬಂದರು, ಬಡಿಸುವವನ ಸಮೇತ. ಅರವಿಂದ ರಷ್ಯಾದಿಂದ ತಂದ, ಚುಚ್ಚಿ ಸುಡುವ ಉದ್ದನೆಯ ಸರಳುಗಳ ಕಟ್ಟನ್ನು ಹಿಡಿದುಕೊಂಡು ಬಂದಿದ್ದ.

"ಎಲ್ಲೈತ್ರಿ ಗ್ರಿಲ್?"

"ಅಪ್ಪ ಕೂತಾರ," ಎಂದ ಸಂಗಮನಾಥ.

ಅರವಿಂದ ನೋಡಿದ. ರಷ್ಯಾದಲ್ಲಿ ಇಂಥದ್ದನ್ನು ಅವನು ಕಂಡಿರಲಿಲ್ಲ. ಹನ್ನೆರಡೂ ಜನ ಜಾಳಿಯ ಸುತ್ತ ಅರ್ಧಚಂದ್ರಾಕಾರವಾಗಿ ನಿಂತರು. ಏನು ಮಾತಾಡಬೇಕೋ ಯಾರಿಗೂ ತಿಳಿಯದೆ ಎಲ್ಲರೂ ಕೈಕಟ್ಟಿ, ತಲೆ ತಗ್ಗಿಸಿ ಸುಮ್ಮನಾದರು. ಗೋಡೆಯಾಚೆ ಪ್ರೇಮಾಬಾಯಿ ಮತ್ತು ಓಣಿಯವರು ಸಾಲಾಗಿ ನಿಂತಿದ್ದರು. ಒಳಗೆ ಲತಾ ಗ್ಯಾಸಿನ ಮೇಲೆ ಒಂದೊಂದಾಗಿ ಬದನೆಕಾಯಿ ಸುಡುತ್ತಿದ್ದಳು. ಅಡುಗೆಮನೆಯ ಕಿಟಕಿಯ ಗ್ರಿಲ್ಲಿನೊಳಗಿಂದ ಹೊಗೆ ಹಿತ್ತಲಿಗೆ ಬರುತ್ತಿತ್ತು. ಬಿಸಿಲು ಹಿತವಾಗಿತ್ತು. ಹಿಂದಿನ ದಿನ ಐದು ತಾಸು ಬಸ್ಸಿನಲ್ಲಿ ಕುಳಿತು ಬಂದಿದ್ದ ವಿಶ್ವನಾಥಪ್ಪನವರಿಗೆ, ಬೆನ್ನು ನೆಟ್ಟಗಿದ್ದಂತೆಯೇ, ಜೋಂಪು ಹತ್ತಿತು.

ಆಗ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು, ಎರಡೂ ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರ ಹಿಡಿದು, ಪ್ರಭಾಕರ ಗೇಟಿನಲ್ಲಿ ಚಪ್ಪಲಿ ಬಿಟ್ಟ. ಹೊಗೆ ನೋಡಿದ. ತಲೆ ತಗ್ಗಿಸಿದ ಜನರನ್ನು ನೋಡಿದ. ತನ್ನ ಜಾಳಿಯ ಮೇಲೆ, ವಿಭೂತಿ ಹಚ್ಚಿ, ಕಣ್ಣು ಮುಚ್ಚಿ, ಪದ್ಮಾಸನದಲ್ಲಿ ಕುಳಿತ ಹಿರಿಯರನ್ನು ನೋಡಿದ. ಗಡಿಯಾರ ನೋಡಿಕೊಂಡ. ಹನ್ನೊಂದು ಗಂಟೆ ಹತ್ತು ನಿಮಿಷ.

"ಹೇಳಿದ ಹೊತ್ತಿಗೇ," ಎಂದ ಮೆಲ್ಲಗೆ. ಯಾರೂ ಹಾ ಹೂ ಎನ್ನುವ ಮೊದಲೇ ಮುಂದೆ ಹೋಗಿ ಹಾರ ಹಾಕಿ, ಪಾದಕ್ಕೆ ಹಣೆ ಮುಟ್ಟಿಸಿದ.

ಪಾದ ಕದಲಿತು.

"ಯಾರದು?" ಎಂದರು ವಿಶ್ವನಾಥಪ್ಪ.

ಪ್ರಭಾಕರ ಹಿಂದಕ್ಕೆ ಹಾರಿದ ರಭಸಕ್ಕೆ ಕರಿಬೇವಿನ ಗಿಡ ಇನ್ನೊಂದು ಕಡೆಗೆ ವಾಲಿ ನೆಟ್ಟಗಾಯಿತು. ಗೋಡೆಯಾಚೆ ಪ್ರೇಮಾಬಾಯಿ ಕಿರುಚಿದಳು. ಅರವಿಂದನ ಸರಳುಗಳು ಒಟ್ಟಿಗೆ ಕೆಳಗೆ ಬಿದ್ದವು.

ವಿಶ್ವನಾಥಪ್ಪ ಹಾರವನ್ನು ಮುಟ್ಟಿ ನೋಡಿದರು, ಮೂಸಿದರು, ಸರಿಮಾಡಿಕೊಂಡರು. ನಿವೃತ್ತಿಯಾದ ದಿನ ಹಾಕಿದ್ದಕ್ಕಿಂತ ದೊಡ್ಡದಿತ್ತು. "ಯಾರ್ರಿ ಇವರು?"

"ಇದನ್ನ ಮಾಡಿದವರ್ರಿ, ಅಪ್ಪಾ," ಎಂದ ಸಂಗಮನಾಥ.

ಹೆಡ್‌ಮಾಸ್ತರರು ಪ್ರಭಾಕರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ಜಾಳಿಯ ಸರಳನ್ನು ಒಮ್ಮೆ ತಟ್ಟಿದರು.

"ಕೆಲಸ ಗಟ್ಟಿ ಅದ. ಕುಂದ್ರಲಾಕ ಛಲೋ ಆಗ್ಯದ. ಆದ್ರ ಬೆನ್ನಿಗಿ ಒಂದು ಆನಿಕಿ ಬೇಕಾಗಿತ್ತು ಅಂತ ಹೇಳು ಅವರಿಗಿ."

ಸಂಗಮನಾಥ ಹೇಳಿದ. ಒಂದೊಂದು ಶಬ್ದವನ್ನೂ ಎರಡೆರಡು ಸಲ ಪರೀಕ್ಷಿಸಿ, ಕ್ರಿಯಾಪದವೇ ಬರದಂತೆ ಹೇಳಿದ. ಪ್ರಭಾಕರನ ಮುಖದಲ್ಲಿ ರಕ್ತ ಮರಳಿತು. ಏನು ನಡೆಯಿತೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ, ಆದರೆ ಕೆಲಸ ತಿಳಿಯಿತು. ಜೇಬಿನಿಂದ ಟೇಪು ತೆಗೆದು, ಹಾರವನ್ನು ಸ್ವಲ್ಪ ಸರಿಸಿ, ವಿಶ್ವನಾಥಪ್ಪನವರ ಬೆನ್ನಿಗೆ ಹಚ್ಚಿದ.

"ಅಳತಿ ಬ್ಯಾಡ್ರಿ!" ಎಂದು ಚೀರಿದ ಸಂಗಮನಾಥ. "ಅಪ್ಪಂದು ಅಳತಿ ಬ್ಯಾಡ! ನಂದು ತಗೋರಿ, ನಂದು!"

ಕನ್ನಡದಲ್ಲೇ ಚೀರಿದ್ದರಿಂದ ಪ್ರಭಾಕರನಿಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ಅಳೆದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ಅಂಗೈ ಮೇಲೆ ಬರೆದುಕೊಂಡ.

"ಎಷ್ಟು ಬಂತು ಕೇಳು," ಎಂದರು ವಿಶ್ವನಾಥಪ್ಪ. "ಮತ್ತ ಸೈಲು ಬಿಡಬ್ಯಾಡ ಅಂತ ಹೇಳು."